ಬಂಗ–ಚೌಟರ ಜಗಳ, ಪೋರ್ಚುಗೀಸರ ಏಳುಬೀಳು

(ದತ್ತಿ ಉಪನ್ಯಾಸದ ಬರಹರೂಪ)

1623ರ ಡಿಸೆಂಬರಿನಲ್ಲಿ ರೋಮಿನ ಶ್ರೀಮಂತ ಮನೆತನದ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಂಗಳೂರಿನಿಂದ ಒಳನಾಡಿನ ಮಣೇಲಿಗೆ ಹೋದ. ಉಳ್ಳಾಲದ ರಾಣಿಯನ್ನು ಕಾಣಬೇಕೆಂಬುದು ಅವನ ಆಸೆ. ರಾಣಿ ಅವನಿಗೆ ಸಿಕ್ಕಿದ್ದು ಓಲಗದಲ್ಲಲ್ಲ, ಬಯಲಿನಲ್ಲಿ. ಬರಿಗಾಲು, ಸೊಂಟಕ್ಕೆ ಸುತ್ತಿದ ಹತ್ತಿಬಟ್ಟೆ, ತಲೆಯ ಮೇಲೆ ಓಲೆಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಹೊಸ ಕಾಲುವೆಯ ಕೆಲಸವನ್ನು ಅವಳು ನಿಂತು ನೋಡಿಕೊಳ್ಳುತ್ತಿದ್ದಳು. ವಯಸ್ಸು ನಲವತ್ತರ ಆಸುಪಾಸು ಎಂದು ಅವನು ಅಂದಾಜು ಮಾಡಿದ. ಅವಳ ಹೆಸರನ್ನು ‘ಅಬಗ್ ದೇವಿ ಚೌತ್ರು’ ಎಂದು ಬರೆದುಕೊಂಡ. ಅಬ್ಬಕ್ಕದೇವಿ ಚೌಟ.

ರೋಮಿನವನೊಬ್ಬ ಇಷ್ಟು ದೂರ ಬಂದದ್ದಕ್ಕೆ ಹಿನ್ನೆಲೆಯಿತ್ತು. ಗೋವೆಯ ಪೋರ್ಚುಗೀಸ್ ಸರಕಾರ ಘಟ್ಟದ ಮೇಲಿನ ಇಕ್ಕೇರಿಯ ದೊರೆ ವೆಂಕಟಪ್ಪನಾಯಕನಲ್ಲಿಗೆ ಕಳಿಸಿದ ರಾಯಭಾರದ ಜೊತೆಗೆ ಅವನು ಹೊರಟಿದ್ದ. ಇದೇ ರಾಣಿಯನ್ನು ಒಮ್ಮೆ ಮದುವೆಯಾಗಿದ್ದ ಬಂಗ ಅರಸನಿಗೆ ಅವನು ಕಳೆದುಕೊಂಡ ಸೀಮೆಯನ್ನು ಮರಳಿ ಕೊಡಿಸುವುದು ಆ ರಾಯಭಾರದ ಕೆಲಸಗಳಲ್ಲೊಂದು. ಗಂಡಹೆಂಡಿರ ವಿರಸವೊಂದು ಎರಡು ಅರಮನೆಗಳ ಯುದ್ಧವಾಗಿ, ಅಲ್ಲಿಂದ ಗೋವೆಯ ವೈಸ್‌ರಾಯನ ತಲೆನೋವಾಗಿ ಬೆಳೆದಿತ್ತು.

ಮಧ್ಯಯುಗದ ಧರ್ಮಯುದ್ಧಗಳೂ ವಂಶಯುದ್ಧಗಳೂ ಯುರೋಪಿನ ಬಲವನ್ನು ಹೇಗೆ ಕಟ್ಟಿದವು, ಹೇಗೆ ಕೆಡಹಿದವು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ದಡದಲ್ಲಿದೆ. ಅದನ್ನು ಬಿಡಿಸಿ ನೋಡುವುದು ಈ ಉಪನ್ಯಾಸದ ಉದ್ದೇಶ.

ಅರಮನೆಗಳು ಮತ್ತು ನದಿಗಳು

ಆಳುಪರ ಆಳ್ವಿಕೆ ಕುಂದಿದ ಮೇಲೆ ತುಳುನಾಡು ವಿಜಯನಗರದ ಕೈಕೆಳಗೆ ಬಂತು. ಬಾರಕೂರು ಮತ್ತು ಮಂಗಳೂರು ಎಂಬ ಎರಡು ರಾಜ್ಯಗಳನ್ನು ಮಾಡಿ, ಅಲ್ಲಿ ಒಡೆಯರನ್ನು ಕೂರಿಸಿ ಹಂಪಿಯವರು ಆಳಿದರು. ಆದರೆ ಊರಿನ ನಿಜವಾದ ಹಿಡಿತ ಹೆಚ್ಚಾಗಿ ಜೈನರಾಗಿದ್ದ ಸ್ಥಳೀಯ ಅರಸು ಮನೆತನಗಳ ಕೈಯಲ್ಲೇ ಉಳಿಯಿತು. ಈಗಿನ ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಬಂಗಾಡಿ ಬಂಗರ ಮೂಲಸ್ಥಾನ. ಮುಂದೆ ಅವರು ಬಂಟ್ವಾಳದ ಪಾಣೆಮಂಗಳೂರಿನ ಸಮೀಪ, ನೇತ್ರಾವತಿಯ ದಡದ ನಂದಾವರಕ್ಕೆ ಬಂದರು; ಅಲ್ಲಿಂದ ಮಂಗಳೂರಿನವರೆಗೂ ಕೈಚಾಚಿದರು. ವೇಣೂರು ಮತ್ತು ಅಳದಂಗಡಿ ಅಜಿಲರದು. ಚೌಟರದು ಉಳ್ಳಾಲ–ಸೋಮೇಶ್ವರ, ಪುತ್ತಿಗೆ ಮತ್ತು ಮೂಡುಬಿದಿರೆ. ಉತ್ತರಕ್ಕೆ ಕಾರ್ಕಳದಲ್ಲಿ ಭೈರರಸರು, ದಕ್ಷಿಣಕ್ಕೆ ವಿಟ್ಲದಲ್ಲಿ ಡೊಂಬ ಹೆಗ್ಗಡೆಯವರು.

ಈ ನಕ್ಷೆಯಲ್ಲೇ ಜಗಳದ ಬೀಜವಿತ್ತು. ಘಟ್ಟದ ಮೆಣಸೂ ಬಯಲಿನ ಅಕ್ಕಿಯೂ ಕಡಲಿಗೆ ಇಳಿಯುತ್ತಿದ್ದುದು ನದಿಗಳ ಮೂಲಕ. ನೇತ್ರಾವತಿಯ ಉದ್ದಕ್ಕೂ ಬಂಗರ ನೆಲ. ಅಳಿವೆಯ ತೆಂಕಣ ದಡದ ಉಳ್ಳಾಲ ಮಾತ್ರ ಚೌಟರದು. ಚೌಟರಿಗೆ ತಮ್ಮದೇ ಉಳ್ಳಾಲದಿಂದ ತಮ್ಮದೇ ಪುತ್ತಿಗೆಗೆ ಹೋಗಲು ನಡುವೆ ಬಂಗರ ಸೀಮೆ. ಒಬ್ಬರ ಅಂಗಳದಲ್ಲಿ ಇನ್ನೊಬ್ಬರ ಬಾಗಿಲು ತೆರೆದಂತಿದ್ದ ಈ ಹಂಚಿಕೆಯಲ್ಲಿ ಸುಂಕ, ದಾರಿ ಮತ್ತು ಮರ್ಯಾದೆಗಾಗಿ ತಕರಾರು ತಪ್ಪುವಂತಿರಲಿಲ್ಲ.

ಇದಿಷ್ಟೇ ಆಗಿದ್ದರೆ ಯುರೋಪಿನ ಸಣ್ಣ ಪ್ರಭುಗಳಿಗೂ ಇವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಪಟ್ಟ ಯಾರಿಗೆ ಸೇರಬೇಕು ಎಂಬ ಕಟ್ಟಳೆಯಲ್ಲಿ.

ಸೋದರಳಿಯನ ಹಕ್ಕು

1328ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಚಾರ್ಲ್ಸ್ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಅವನ ತಂಗಿ ಇಸಬೆಲ್ಲಾಳ ಮಗ ಇಂಗ್ಲೆಂಡಿನ ಅರಸ ಮೂರನೆಯ ಎಡ್ವರ್ಡ್. ಹೆಣ್ಣಿನ ಮೂಲಕ ಪಟ್ಟದ ಹಕ್ಕು ಹರಿಯುವುದಿಲ್ಲವೆಂದು ಫ್ರಾನ್ಸಿನ ಪ್ರಭುಗಳು ತೀರ್ಮಾನಿಸಿ, ಗಂಡು ಕವಲಿನ ದಾಯಾದಿ ಫಿಲಿಪ್ಪನನ್ನು ಪಟ್ಟಕ್ಕೆ ಕೂರಿಸಿದರು. 1337ರಲ್ಲಿ ತೊಡಗಿ 1453ರವರೆಗೆ ಬಿಟ್ಟುಬಿಟ್ಟು ನಡೆದ ನೂರು ವರ್ಷಗಳ ಯುದ್ಧಕ್ಕೆ ಈ ತೀರ್ಮಾನ ಒಂದು ಮುಖ್ಯ ನೆಪ.

ಮೂಡುಬಿದಿರೆಯ ಅರಮನೆಯಲ್ಲಿ ಈ ವ್ಯಾಜ್ಯ ಒಂದು ಗಳಿಗೆಯಲ್ಲಿ ಇತ್ಯರ್ಥವಾಗುತ್ತಿತ್ತು. ಎಡ್ವರ್ಡ್ ಸತ್ತ ಅರಸನ ಸೋದರಳಿಯ; ಅಳಿಯಕಟ್ಟಿನ, ಎಂದರೆ ಪಟ್ಟ ಅಕ್ಕತಂಗಿಯರ ಮಕ್ಕಳಿಗೆ ಸೇರಬೇಕೆಂಬ ತುಳುನಾಡಿನ ಕಟ್ಟಳೆಯ, ಪ್ರಕಾರ ಫ್ರಾನ್ಸಿನ ಪಟ್ಟ ಅವನದೇ. ಆದರೆ ಅದೇ ಕಟ್ಟಿನ ಪ್ರಕಾರ ಇಂಗ್ಲೆಂಡ್ ಅವನಿಗೆ ಸಿಗುತ್ತಿರಲಿಲ್ಲ. ಅದು ಅವನ ಅಪ್ಪನ ಮನೆತನದ್ದು. ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ ಹೋಗಬೇಕಾದದ್ದು. ಮಗು ತಾಯಿಯ ಕುಟುಂಬಕ್ಕೆ ಮಾತ್ರ ಸೇರುವ ನಾಡಿನಲ್ಲಿ ಒಂದೇ ತಲೆಯ ಮೇಲೆ ಎರಡು ಕಿರೀಟ ಕೂರುವ ದಾರಿಯೇ ಇರಲಿಲ್ಲ.

ಇದರ ಪರಿಣಾಮ ದೊಡ್ಡದು. ಯುರೋಪಿನಲ್ಲಿ ಮದುವೆ ರಾಜ್ಯಗಳನ್ನು ಬೆಸೆಯುತ್ತಿತ್ತು, ಮದುವೆ ಮುರಿದರೆ ರಾಜ್ಯಗಳೂ ಕೈಬದಲಾಗುತ್ತಿದ್ದವು. ಆಕ್ವಿಟೇನಿನ ಎಲಿನೋರ್ 1152ರಲ್ಲಿ ಫ್ರಾನ್ಸಿನ ದೊರೆಯಿಂದ ಬೇರ್ಪಟ್ಟು, ಕೆಲವೇ ವಾರಗಳಲ್ಲಿ ಮುಂದೆ ಇಂಗ್ಲೆಂಡಿನ ಅರಸನಾಗಲಿದ್ದ ಹೆನ್ರಿಯನ್ನು ವರಿಸಿದಾಗ ಫ್ರಾನ್ಸಿನ ನೈಋತ್ಯ ಭಾಗವೇ ಅವಳ ಜೊತೆ ಹೋಯಿತು. 1469ರಲ್ಲಿ ಇಸಬೆಲ್ಲಾ ಮತ್ತು ಫರ್ಡಿನೆಂಡರ ಮದುವೆ ಒಗ್ಗೂಡಿದ ಸ್ಪೇನಿಗೆ ತಳಹದಿ ಹಾಕಿತು. ಬಂಗ ಅರಸನೂ ಚೌಟರ ರಾಣಿಯೂ ಮದುವೆಯಾದಾಗ ಹಾಗೇನೂ ಆಗಲಿಲ್ಲ. ಅವನ ಸೀಮೆ ಅವನ ಸೋದರಳಿಯನಿಗೆ, ಅವಳ ಸೀಮೆ ಅವಳ ಮಕ್ಕಳಿಗೆ. ನದಿಯ ಆಚೆ ಅವನ ಆಡಳಿತ, ಈಚೆ ಅವಳದು.

ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ. ವೇಣೂರಿನ ಗೊಮ್ಮಟನ ಪಕ್ಕದ ಶಾಸನವು ಮೂರ್ತಿಯನ್ನು ನಿಲ್ಲಿಸಿದ ತಿಮ್ಮರಾಜನನ್ನು ಪರಿಚಯಿಸುವುದು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ ಎಂದು. ಮಾವ ಮತ್ತು ತಾಯಿಯ ಹೆಸರೇ ಅಲ್ಲಿ ಅಧಿಕಾರದ ಗುರುತು. ಮದ್ರಾಸ್ ಸರಕಾರ 1949ರಲ್ಲಿ ಅಳಿಯಸಂತಾನ ಕಾಯಿದೆಯನ್ನು ತಂದಾಗಲೂ ಈ ಕಟ್ಟು ಜೀವಂತವಾಗಿತ್ತು.

ಗೊಮ್ಮಟನಿಗಾಗಿ ಕಾದಾಟ

ಆ ಶಾಸನದ ಕಾಲ 1604. ಅದರ ಹಿಂದಿನ ಕಥೆಯನ್ನು ವೇಣೂರು ಇಂದಿಗೂ ಹೇಳುತ್ತದೆ.

ಕಾರ್ಕಳದಲ್ಲಿ 1432ರಲ್ಲೇ ವೀರಪಾಂಡ್ಯ ಭೈರರಸ 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ್ದ. 1586ರಲ್ಲಿ ಇಮ್ಮಡಿ ಭೈರವ ಅಲ್ಲಿಯೇ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಇತ್ತ ವೇಣೂರಿನ ತಿಮ್ಮಣ್ಣ ಅಜಿಲ, ಎಂದರೆ ಶಾಸನದ ತಿಮ್ಮರಾಜ, 35 ಅಡಿಯ ಮೂರ್ತಿಯನ್ನು ಕೆತ್ತಿಸತೊಡಗಿದಾಗ ಕಾರ್ಕಳಕ್ಕೆ ಕಸಿವಿಸಿಯಾಯಿತು. ಮೂರ್ತಿಯನ್ನು ಕಾರ್ಕಳಕ್ಕೆ ಕಳಿಸಿಕೊಡಬೇಕೆಂದು ಭೈರರಸ ಹೇಳಿಕಳಿಸಿದನೆಂದೂ, ಅಜಿಲ ಒಪ್ಪದಿದ್ದಾಗ ದಂಡೆತ್ತಿ ಬಂದನೆಂದೂ, ಅಜಿಲ ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಯುದ್ಧ ಗೆದ್ದು ಆಮೇಲೆ ಪ್ರತಿಷ್ಠೆ ಮಾಡಿಸಿದನೆಂದೂ ಐತಿಹ್ಯ. 1604ರ ಮಾರ್ಚ್ 1ರಂದು ಮೂರ್ತಿ ನಿಂತಿತು. 2024ರಲ್ಲಿ ಅದಕ್ಕೆ ಮಹಾಮಸ್ತಕಾಭಿಷೇಕ ನಡೆಯಿತು.

ಇಬ್ಬರೂ ಜೈನರು, ಇಬ್ಬರಿಗೂ ಒಬ್ಬನೇ ಬಾಹುಬಲಿ. ಆದರೂ ಕತ್ತಿ ಹಿರಿದರು ಎಂದರೆ ಅಲ್ಲಿ ಧರ್ಮದ ಜೊತೆಗೆ ಪ್ರತಿಷ್ಠೆಯ ಲೆಕ್ಕವೂ ಇತ್ತು. ಇದಕ್ಕೆ ಸರಿಯಾಗಿ 400 ವರ್ಷ ಹಿಂದೆ, 1204ರಲ್ಲಿ, ಪವಿತ್ರಭೂಮಿಗೆಂದು ಹೊರಟ ನಾಲ್ಕನೆಯ ಕ್ರುಸೇಡಿನ ಸೈನ್ಯ ದಾರಿ ಬದಲಿಸಿ ಕ್ರೈಸ್ತರದೇ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿತ್ತು. ಅಲ್ಲಿನ ನಾಲ್ಕು ಕಂಚಿನ ಕುದುರೆಗಳನ್ನು ವೆನಿಸಿನವರು ಹೊತ್ತುತಂದು ತಮ್ಮ ಸಂತ ಮಾರ್ಕನ ಚರ್ಚಿನ ಮುಂದೆ ನಿಲ್ಲಿಸಿಕೊಂಡರು. ಹಡಗುಗಳನ್ನು ಒದಗಿಸಿದ್ದ ವೆನಿಸ್ ಆ ಯುದ್ಧದಿಂದ ದೊಡ್ಡದಾಯಿತು. ಪೂರ್ವದ ಕ್ರೈಸ್ತ ಸಾಮ್ರಾಜ್ಯ ಮತ್ತೆಂದೂ ಮೊದಲಿನ ಬಲಕ್ಕೆ ಬರಲಿಲ್ಲ. ಕಾರ್ಕಳಕ್ಕೆ ವೆನಿಸಿನ ಅದೃಷ್ಟ ಒದಗಲಿಲ್ಲ. ಗೊಮ್ಮಟ ಕೆತ್ತಿಸಿದವನ ಊರಿನಲ್ಲೇ ಉಳಿದ.

ಅಳಿವೆಯಲ್ಲೊಂದು ಕೋಟೆ

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೆ ತುಳುನಾಡಿನಿಂದ ಬೇಕಾದದ್ದು ಮೊದಲಿಗೆ ಅಕ್ಕಿ, ಆಮೇಲೆ ಮೆಣಸು. ಗೋವೆ, ಮಸ್ಕತ್ತು, ಹೊರ್ಮುಜ್ ಕೋಟೆಗಳ ಅನ್ನ ಮಂಗಳೂರು, ಬಸರೂರುಗಳ ಬಂದರಿನಿಂದ ಹೋಗುತ್ತಿತ್ತು. ತಮ್ಮಿಂದ ರಹದಾರಿ ಚೀಟಿ ಪಡೆಯದೆ ಯಾವ ಹಡಗೂ ಕಡಲಿಗೆ ಇಳಿಯಬಾರದೆಂಬುದು ಅವರ ಕಾನೂನು. ಅರಬರ ನಾಡಿಗೆ ಸರಕು ಕಳಿಸುತ್ತಿದ್ದ, ಮಲಬಾರಿನ ನಾವಿಕರಿಗೆ ನೆರಳು ಕೊಡುತ್ತಿದ್ದ ಉಳ್ಳಾಲಕ್ಕೆ ಅದು ಒಪ್ಪಿಗೆಯಾಗಲಿಲ್ಲ.

1565ರ ಜನವರಿಯಲ್ಲಿ ರಕ್ಕಸ–ತಂಗಡಿ ಯುದ್ಧದಲ್ಲಿ ವಿಜಯನಗರ ಮುರಿಯಿತು. ತುಳುನಾಡಿನ ಅರಸರಿಗೆ ಮೇಲೆ ಕೇಳುವವರಿಲ್ಲ, ಕಾಯುವವರೂ ಇಲ್ಲ. ಮೂರೇ ವರ್ಷಗಳಲ್ಲಿ, 1568ರಲ್ಲಿ, ವೈಸ್‌ರಾಯ್ ಆಂತಾವೊ ದ ನೊರೋನ್ಯಾ ಉಳ್ಳಾಲದ ಮೇಲೆ ಬಿದ್ದು, ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಎಬ್ಬಿಸಿದ. ಮರುವರ್ಷ ಅವನ ಉತ್ತರಾಧಿಕಾರಿ ಹೊನ್ನಾವರವನ್ನೂ ಬಸರೂರನ್ನೂ ಹಿಡಿದ. ಒಂದು ಸಾಮ್ರಾಜ್ಯ ಕುಸಿದ ಬೆನ್ನಿಗೇ ಮೂರು ಕೋಟೆಗಳು.

ಕೋಟೆ ಕಟ್ಟಲು ಹಡಗು, ತೋಪು ಸಾಕು. ಕೋಟೆಯಲ್ಲಿ ಉಳಿಯಲು ನೆರೆಯವರ ಸ್ನೇಹ ಬೇಕು. ಅದನ್ನು ಕೊಟ್ಟವರು ಬಂಗರು. ಉಳ್ಳಾಲದ ಮಗ್ಗುಲಲ್ಲಿ ಚೌಟರಿಗೆ ಎದುರಾಗಿ ಒಂದು ಹೊರಗಿನ ಬಲ ಇರುವುದು ಅವರಿಗೆ ಅನುಕೂಲವೇ ಆಗಿತ್ತು. ಚೌಟರ ಕಡೆಗೆ ಕಲ್ಲಿಕೋಟೆಯ ಸಾಮೂದಿರಿಯ ನಾವಿಕರು ಇದ್ದರು. 1570–71ರಲ್ಲಿ ಬಿಜಾಪುರ, ಅಹಮದ್‌ನಗರ ಮತ್ತು ಸಾಮೂದಿರಿ ಒಟ್ಟುಗೂಡಿ ಪೋರ್ಚುಗೀಸರ ಗೋವೆ, ಚೌಲ್, ಚಾಲಿಯಂ ಕೋಟೆಗಳನ್ನು ಮುತ್ತಿದಾಗ ಮುರಿದದ್ದು ಚಾಲಿಯಂ ಒಂದೇ. ಜೈನ ರಾಣಿ, ಮುಸ್ಲಿಂ ನಾವಿಕರು, ಹಿಂದೂ ಸಾಮೂದಿರಿ ಒಂದು ಕಡೆ. ಜೈನ ಅರಸ, ಕ್ಯಾಥೊಲಿಕ್ ಫಿರಂಗಿಗಳು ಇನ್ನೊಂದು ಕಡೆ.

ಜನಪ್ರಿಯ ಕಥನದಲ್ಲಿ 1550ರ ದಶಕದಿಂದ 1620ರ ದಶಕದವರೆಗೆ ಕಾದಾಡಿದವಳು ಒಬ್ಬಳೇ ಅಬ್ಬಕ್ಕ. ಲೆಕ್ಕ ಹೊಂದುವುದಿಲ್ಲ. 1623ರಲ್ಲಿ ನಲವತ್ತರ ಆಸುಪಾಸಿನಲ್ಲಿದ್ದವಳು 1568ರಲ್ಲಿ ಹುಟ್ಟಿರಲೇ ಇಲ್ಲ. ಒಬ್ಬರಿಗಿಂತ ಹೆಚ್ಚು ರಾಣಿಯರು ಇದ್ದರೆಂದು ಇತಿಹಾಸಕಾರರು ಹೇಳುವುದು ಇದರಿಂದಲೇ. ಹಾಗೆಂದ ಮಾತ್ರಕ್ಕೆ ಉಳ್ಳಾಲದ ಹೋರಾಟ ಕಿರಿದಾಗುವುದಿಲ್ಲ; ಒಂದೇ ಮನೆತನದ ಹೆಣ್ಣುಮಕ್ಕಳು ತಲೆಮಾರು ದಾಟಿ ಪೋರ್ಚುಗೀಸರಿಗೆ ತಲೆಬಾಗದೆ ನಿಂತರೆಂದಾಗುತ್ತದೆ.

ಹಿಂದಕ್ಕೆ ಕಳಿಸಿದ ಒಡವೆ

ಎರಡನೆಯ ಹಂತದ ಯುದ್ಧದ ಕಥೆಯನ್ನು ದೆಲ್ಲಾ ವಲ್ಲೆ ವಿವರವಾಗಿ ಬರೆದಿದ್ದಾನೆ. ಮಣೇಲಿನ ಆ ರಾಣಿಗೂ ಬಂಗನಿಗೂ ಮನಸ್ಸು ಮುರಿಯಿತು. ಅವನು ಕೊಟ್ಟಿದ್ದ ಒಡವೆಗಳನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದಳು. ಸಂಬಂಧ ಹರಿಯಿತು ಎಂಬುದಕ್ಕೆ ಅದೇ ಸಾಕ್ಷಿ. ಅವಮಾನಗೊಂಡ ಬಂಗ, ಅವಳು ನದಿಯಲ್ಲಿ ದೋಣಿಯೇರಿ ಹೋಗುತ್ತಿದ್ದಾಗ ಹಿಡಿಸಿದ. ಮಾತಿನ ಜಾಣ್ಮೆಯಿಂದ ಬಿಡಿಸಿಕೊಂಡು ಮನೆಗೆ ಮುಟ್ಟಿದ್ದೇ ತಡ, ಅವಳು ಯುದ್ಧಕ್ಕೆ ಎದ್ದಳು. ಬಂಗ ಪೋರ್ಚುಗೀಸರನ್ನು ಕರೆದ. ರಾಣಿ ಕರೆದದ್ದು ಇಕ್ಕೇರಿಯ ವೆಂಕಟಪ್ಪನಾಯಕನನ್ನು.

ವೆಂಕಟಪ್ಪ ಇಂಥ ಕರೆಗೆ ಕಾದಿದ್ದವನಂತಿದ್ದ. ಗೇರುಸೊಪ್ಪೆಯ ಮೆಣಸಿನ ಸೀಮೆ ಆಗಲೇ ಅವನ ಕೈ ಸೇರಿತ್ತು. ವೀರಶೈವ ದೊರೆ ಜೈನ ರಾಣಿಯ ಪರವಾಗಿ ಘಟ್ಟ ಇಳಿದು ಬಂದ. 1618ರ ಸುಮಾರಿಗೆ ಬಂಗನ ಸೈನ್ಯವೂ ಅವನ ನೆರವಿಗೆ ನಿಂತ ಪೋರ್ಚುಗೀಸರೂ ಸೋತರು. ಬಂಗ ಕಾಸರಗೋಡಿನ ಕಡೆಗೆ ಓಡಿದ. ಅವನ ಕೋಟೆ ನೆಲಸಮವಾಯಿತು. ಗೆದ್ದ ರಾಣಿಯೂ ನೆರವಿಗೆ ಬೆಲೆ ತೆತ್ತು, ತನ್ನ ಸೀಮೆಯ ಒಂದು ಪಾಲನ್ನು ಇಕ್ಕೇರಿಗೆ ಬಿಟ್ಟುಕೊಟ್ಟಳು.

ಇಲ್ಲಿ ಅಳಿಯಕಟ್ಟಿನ ಇನ್ನೊಂದು ಮುಖ ಕಾಣುತ್ತದೆ. ಬಂಗ ಗೆದ್ದಿದ್ದರೂ ಉಳ್ಳಾಲವನ್ನು ಮದುವೆಯ ಹಕ್ಕಿನಿಂದ ತನ್ನದಾಗಿಸಿಕೊಳ್ಳುವಂತಿರಲಿಲ್ಲ. ರಾಣಿ ಗೆದ್ದರೂ ನಂದಾವರಕ್ಕೆ ಅವಳು ವಾರಸುದಾರಳಲ್ಲ. ಹೀಗೆ ಮನೆತನಗಳು ಬೆರೆಯದೆ, ಅಳಿಯದೆ ಉಳಿದವು. ಒಂದು ದೊಡ್ಡ ತುಳು ರಾಜ್ಯ ಮಾತ್ರ ಹುಟ್ಟಲಿಲ್ಲ. ಒಬ್ಬರನ್ನೊಬ್ಬರು ನುಂಗಲಾಗದ ಅರಸರು ಪ್ರತಿ ಸಲವೂ ಹೊರಗಿನವರನ್ನು ಕರೆದರು, ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಅದೇ 1618ರಲ್ಲಿ ಪ್ರಾಗಿನಲ್ಲಿ ಸಿಡಿದ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಸಣ್ಣ ಅರಸರಿಗೂ ಇದೇ ಗತಿಯಾಯಿತು. ಅಲ್ಲಿ ಸ್ವೀಡನ್ ಬಂತು, ಫ್ರಾನ್ಸ್ ಬಂತು. ಪ್ರೊಟೆಸ್ಟಂಟ್ ಸ್ವೀಡನ್ನಿಗೆ ಯುದ್ಧದ ಖರ್ಚು ಕೊಟ್ಟವನು ಕ್ಯಾಥೊಲಿಕ್ ಕಾರ್ಡಿನಲ್ ರಿಶಲ್ಯೂ.

ಲಿಸ್ಬನ್ನಿನ ಪಟ್ಟ, ಮಂಗಳೂರಿನ ಕೋಟೆ

ತಮ್ಮ ಮಿತ್ರ ಬಂಗನನ್ನು ಪೋರ್ಚುಗೀಸರು ಮತ್ತೆ ಪಟ್ಟಕ್ಕೆ ತರಲಾರದೆ ಹೋದದ್ದೇಕೆ? ಕಾರಣ ಹುಡುಕಲು ಅವರದೇ ವಂಶದ ಜಗಳಕ್ಕೆ ಹೋಗಬೇಕು.

ಮಂಗಳೂರಿನ ಕೋಟೆ ಎದ್ದಾಗ ಪೋರ್ಚುಗಲ್ಲಿನ ದೊರೆಯ ಹೆಸರೂ ಸೆಬಾಸ್ಟಿಯನ್. ಧರ್ಮಯುದ್ಧದ ಹುಚ್ಚು ಹತ್ತಿದ್ದ ಆ ಯುವಕ 1578ರಲ್ಲಿ ಮೊರೊಕ್ಕೊಗೆ ದಂಡೆತ್ತಿ ಹೋಗಿ ಅಲ್ಕಾಸರ್ ಕಿಬಿರ್ ಯುದ್ಧದಲ್ಲಿ ಮಡಿದ. ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ. ಪಟ್ಟಕ್ಕೆ ಬಂದ ಮುದುಕ ಕಾರ್ಡಿನಲ್ ಹೆನ್ರಿಕ್ 1580ರ ಜನವರಿಯಲ್ಲಿ ತೀರಿಕೊಂಡ. ಆಗ ಹಕ್ಕು ಸಾಧಿಸಿ, ಸೈನ್ಯವನ್ನೂ ಕಳಿಸಿ ಪೋರ್ಚುಗಲ್ಲನ್ನು ಪಡೆದವನು ಸ್ಪೇನಿನ ಎರಡನೆಯ ಫಿಲಿಪ್. ಅವನ ತಾಯಿ ಈ ಹೆನ್ರಿಕನ ಅಕ್ಕ. ಎಂದರೆ ಫಿಲಿಪ್ ಸಾಕ್ಷಾತ್ ಸೋದರಳಿಯ! ಪುತ್ತಿಗೆಯ ಚೌಟರು ಈ ಸುದ್ದಿ ಕೇಳಿದ್ದರೆ ಪಟ್ಟ ಸರಿಯಾದವನಿಗೇ ಹೋಯಿತು ಎನ್ನುತ್ತಿದ್ದರು. ಜೊತೆಗೆ, ಸ್ಪೇನನ್ನು ಬಿಟ್ಟು ಬರಬೇಕಲ್ಲ ಎಂದೂ ಕೇಳುತ್ತಿದ್ದರು.

ಅವನು ಬಿಡಲಿಲ್ಲ. 1640ರವರೆಗೆ ಎರಡು ಕಿರೀಟ ಒಂದೇ ತಲೆಯ ಮೇಲಿತ್ತು. ಸ್ಪೇನಿನ ವೈರಿಗಳೆಲ್ಲ ಪೋರ್ಚುಗಲ್ಲಿನ ವೈರಿಗಳಾದರು. ಧರ್ಮ ಮತ್ತು ತೆರಿಗೆಯ ಕಾರಣಕ್ಕೆ ಸ್ಪೇನಿನ ವಿರುದ್ಧ ಬಂಡೆದ್ದಿದ್ದ ಡಚ್ಚರು ಅದುವರೆಗೆ ಲಿಸ್ಬನ್ನಿನಿಂದ ಮೆಣಸು ಕೊಳ್ಳುತ್ತಿದ್ದವರು, ಈಗ ತಾವೇ ಹಡಗು ಹೂಡಿ 1602ರಲ್ಲಿ ತಮ್ಮ ಕಂಪನಿಯನ್ನು ಕಟ್ಟಿದರು. 1622ರಲ್ಲಿ ಪರ್ಷಿಯದ ಸೈನ್ಯವೂ ಇಂಗ್ಲಿಷರ ಹಡಗುಗಳೂ ಸೇರಿ ಹೊರ್ಮುಜನ್ನು ಕಿತ್ತುಕೊಂಡವು. ಮಲಬಾರಿನಲ್ಲಿ ಮೆಣಸು ಕೈಗೆ ಸಿಗುವುದು ಕಷ್ಟವಾದಂತೆ ಪೋರ್ಚುಗೀಸರು ಘಟ್ಟದ ಮೆಣಸಿಗೆ ಹೆಚ್ಚುಹೆಚ್ಚು ಜೋತುಬಿದ್ದರು. ಅದರ ಕೀಲಿಕೈ ಇದ್ದದ್ದು ವೆಂಕಟಪ್ಪನಲ್ಲಿ.

1623ರ ರಾಯಭಾರವನ್ನು ಈ ಬೆಳಕಿನಲ್ಲಿ ನೋಡಬೇಕು. ರಾಯಭಾರಿ ಜೊವಾಂವ್ ಫೆರ್ನಾಂಡಿಸ್ ಲೈತಾಂವ್. ಗೋವೆಗೆ ಹೋಗಿ ಅವನ ಜೊತೆ ಮರಳುತ್ತಿದ್ದ ವೆಂಕಟಪ್ಪನ ಪ್ರತಿನಿಧಿ ವಿಠಲ ಶೆಣೈ. ಬಂಗನ ಸೀಮೆಯ ಮಾತೂ ಮೆಣಸಿನ ವ್ಯವಹಾರವೂ ಒಟ್ಟಿಗೇ ಬಂದವು. ಮೆಣಸು ಬೇಕಾದವರು ಮಿತ್ರನಿಗಾಗಿ ಎಷ್ಟು ಹಟ ಹಿಡಿದಾರು? ಬಂಗನಿಗೆ ಸೀಮೆ ಮರಳಲಿಲ್ಲ.

ಇಕ್ಕೇರಿಯ ಸುಗ್ಗಿ

ಅರಮನೆಗಳು ಕಾದಾಡಿದವು, ಕಣಜ ತುಂಬಿದ್ದು ಘಟ್ಟದ ಮೇಲೆ. ವೆಂಕಟಪ್ಪನ ನಂತರ ಇಕ್ಕೇರಿಯನ್ನಾಳಿದ ವೀರಭದ್ರನಾಯಕ 1631ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡ. ಅವನ ನಂತರದ ಶಿವಪ್ಪನಾಯಕನಿಗೆ ಒಪ್ಪಂದದ ಅಗತ್ಯ ಕಾಣಲಿಲ್ಲ. 1653–54ರ ಹೊತ್ತಿಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ಎಲ್ಲವೂ ಅವನ ಕೈಯಲ್ಲಿದ್ದವು. ಸುಮಾರು 85 ವರ್ಷ ನಿಂತಿದ್ದ ಕೋಟೆಗಳ ಸಾಲು ಮುಗಿಯಿತು. ಮುಂದೆ 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿ ಡಚ್ಚರ ಪಾಲಾದವು.

ಪೋರ್ಚುಗೀಸರು ಪೂರ್ತಿ ಮಾಯವಾಗಲಿಲ್ಲ. ಗೋವೆಗೆ ಅಕ್ಕಿ ಬೇಕಿತ್ತು. 1671 ಮತ್ತು 1678ರ ಒಪ್ಪಂದಗಳ ಮೂಲಕ ಅವರು ಮರಳಿ ಬಂದರು, ಈ ಸಲ ಕೊಳ್ಳುವವರಾಗಿ. ಕೋಠಿ ಇಡಲು, ಚರ್ಚು ಕಟ್ಟಲು ನಾಯಕರ ಅನುಮತಿ ಕೇಳಿ ಪಡೆದರು. ಗೋವೆಯಲ್ಲಿ 1560ರಲ್ಲಿ ತೊಡಗಿದ ಧರ್ಮವಿಚಾರಣೆಯ ಕಾಟ ಮತ್ತು ಮರಾಠರ ದಾಳಿಗಳಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಡು ಕಡಿದು ಬೇಸಾಯಕ್ಕೆ ನಿಂತದ್ದೂ ಇಕ್ಕೇರಿಯ ನಾಯಕರ ಆಸರೆಯಲ್ಲಿ. ಈ ಮೂರು ತಾಲೂಕುಗಳ ಮಟ್ಟಿಗೆ ಯುರೋಪಿನ ಧರ್ಮಕಲಹದ ಬಾಳುವ ಫಲ ತೋಪು, ಕೋಟೆಗಳಲ್ಲ, ಈ ಬೇಸಾಯಗಾರರು.

ಅರಸು ಮನೆತನಗಳು? ಉಳಿದವು, ಆದರೆ ಕಪ್ಪ ಕೊಡುವವರಾಗಿ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ಹೆಂಗಳೆಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗದ ಮರದ ಕೆತ್ತನೆಗಳು ಇಂದಿಗೂ ಇವೆ. ಮೈಸೂರಿನ ಹೈದರ್ 1763ರಲ್ಲಿ ಇಕ್ಕೇರಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು ಹಿಡಿದ. 1799ರಲ್ಲಿ ಇಂಗ್ಲಿಷ್ ಕಂಪನಿ ಸರಕಾರ ಬಂದು ಅರಮನೆಗಳು ಪಿಂಚಣಿಯ ಮನೆಗಳಾದವು. ಒಂದು ಕಾಲಕ್ಕೆ ಯುರೋಪಿನವರ ಗೆಳೆತನ ನೆಚ್ಚಿದ್ದ ಬಂಗರ ಮನೆತನದ ಲಕ್ಷ್ಮಪ್ಪ ಬಂಗರಸ 1837ರ ರೈತ ಬಂಡಾಯಕ್ಕೆ ಸೇರಿದ. ಬಂಡಾಯದ ನಾಯಕ ಕಲ್ಯಾಣಪ್ಪನಂತೆ ಅವನನ್ನೂ ಇಂಗ್ಲಿಷರು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು.

ಇನ್ನು ಮುಂದಿನ ಕೆಲಸ

ಎಂ. ಗಣಪತಿರಾವ್ ಐಗಳ್ ಅವರು 1923ರಲ್ಲಿ ದಕ್ಷಿಣ ಕನ್ನಡದ ಪ್ರಾಚೀನ ಇತಿಹಾಸವನ್ನು ಪ್ರಕಟಿಸಿದಾಗ ಅರಮನೆಗಳ ಮಾತು, ಐತಿಹ್ಯಗಳನ್ನು ಒಟ್ಟುಗೂಡಿಸಿದರು. ಭಾಸ್ಕರ ಆನಂದ ಸಾಲೆತೊರೆ, ಪಿ. ಗುರುರಾಜ ಭಟ್ಟ, ಕೆ.ವಿ. ರಮೇಶ್ ಅವರು ಶಾಸನಗಳನ್ನು ಜೋಡಿಸಿದರು. ಬಿ.ಎಸ್. ಶಾಸ್ತ್ರಿಯವರು ಪೋರ್ಚುಗೀಸ್ ದಾಖಲೆಗಳನ್ನು ತೆರೆದು ಓದಿದರು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ವಸ್ತುಗಳನ್ನು ಕೂಡಿಟ್ಟಿದೆ. ಈ ನಾಲ್ಕೂ ಬಗೆಯ ಸಾಮಗ್ರಿಯನ್ನು ಒಂದೇ ಮೇಜಿನ ಮೇಲೆ ಹರಡಿ ಓದುವವರು ಬೇಕಾಗಿದ್ದಾರೆ.

ಅದಕ್ಕೆ ತೊಡಗಲು ಎರಡು ದಾರಿಗಳಿವೆ. ಲಿಸ್ಬನ್ನಿಗೂ ಗೋವೆಗೂ ನಡುವೆ ಓಡಾಡಿದ ಪತ್ರಗಳ ಸಂಪುಟಗಳು ಪಣಜಿಯ ಪತ್ರಾಗಾರದಲ್ಲಿವೆ. ಬಂಗರ ಹೆಸರು ಬರುವ ಪತ್ರಗಳನ್ನು ಆರಿಸಿ ಕನ್ನಡಕ್ಕೆ ತರಬಹುದು. ಇನ್ನೊಂದು, ದೆಲ್ಲಾ ವಲ್ಲೆ ತನ್ನ ಕಿವಿಗೆ ಬಿದ್ದಂತೆ ಬರೆದ ಊರುಗಳ ಹೆಸರುಗಳನ್ನು ಹಿಡಿದು ನಂದಾವರ, ಪಾಣೆಮಂಗಳೂರು, ಗುರುಪುರ, ಮಣೇಲುಗಳ ನಡುವೆ ನಡೆದು ಗುರುತು ಹಚ್ಚುವುದು. ಪೋರ್ಚುಗೀಸ್ ಕಲಿಯಲು ಸಿದ್ಧನಿರುವ ಒಬ್ಬ ವಿದ್ಯಾರ್ಥಿಗೆ ಮೊದಲನೆಯ ಕೆಲಸ, ತುಳು ಬಲ್ಲ ನಾಲ್ಕು ಜನರಿಗೆ ಎರಡನೆಯದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಇದನ್ನು ಮುಂದಿನ ವರ್ಷದಿಂದಲೇ ಹಂಚಿಕೊಳ್ಳಬಹುದು.